ಐರ್ಲೆಂಡಿನ ಟರ್ಫ್ ಉದ್ಯಮ ಮತ್ತು ಅದಕ್ಕೆ ಸಂಸತ್ತಿನಲ್ಲಿ ಎದ್ದ ವಿರೋಧ: ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಫ್ ಎಂದರೆ ಕುದುರೆ ಓಟದ ಮೈದಾನವಲ್ಲವೇ?

ಬೆಂಗಳೂರು ಟರ್ಫ್ ಕ್ಲಬ್ಬಿನ ಹೆಸರು ಕೇಳುತ್ತ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಐರ್ಲೆಂಡಿನ ಹಳ್ಳಿಗಳಲ್ಲಿ ಟರ್ಫ್ ಎಂದರೆ ಮನೆಯ ಒಲೆಗೆ ಹಾಕುವ ಉರುವಲು. ಸದಾ ನೀರು ನಿಂತಿರುವ ಜೌಗು ನೆಲದಲ್ಲಿ ಪಾಚಿ ಮತ್ತು ಹುಲ್ಲು ಸತ್ತ ಮೇಲೆ ಪೂರ್ತಿ ಕೊಳೆಯದೆ, ಪದರದ ಮೇಲೆ ಪದರವಾಗಿ ಕೂಡುತ್ತ, ಸಾವಿರಾರು ವರ್ಷಗಳಲ್ಲಿ ಕಪ್ಪು ಕಂದು ಬಣ್ಣದ ಒತ್ತು ಮಣ್ಣಾಗುತ್ತದೆ. ಅದನ್ನು ಇಟ್ಟಿಗೆಯ ಆಕಾರದಲ್ಲಿ ಕಡಿದು, ಗಾಳಿಗೆ ಒಣಗಿಸಿ ಉರಿಸುತ್ತಾರೆ. ನೆಲದಲ್ಲಿರುವಾಗ ಅದನ್ನು ಪೀಟ್ ಎನ್ನುವುದೂ, ಕಡಿದು ಒಣಗಿಸಿದ ಮೇಲೆ ಟರ್ಫ್ ಎನ್ನುವುದೂ ಅಲ್ಲಿನ ರೂಢಿ. ನಮ್ಮ ಬಯಲುಸೀಮೆಯ ಮನೆಗಳಿಗೆ ಬೆರಣಿ ಹೇಗೋ, ಮರ ವಿರಳವಾಗಿದ್ದ ಐರ್ಲೆಂಡಿನ ಮಧ್ಯ ಮತ್ತು ಪಶ್ಚಿಮ ಭಾಗದ ಮನೆಗಳಿಗೆ ಟರ್ಫ್ ಹಾಗೆ.

ಜೌಗು ಬೆಳೆಯುವ ವೇಗ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಈ ಸಂಖ್ಯೆಯನ್ನು ಓದುಗರು ಮರೆಯಬಾರದೆಂದು ಕೋರುತ್ತೇನೆ, ಏಕೆಂದರೆ ಮುಂದೆ ಬರುವ ಸಂಸತ್ತಿನ ವಾದ ವಿವಾದಗಳಲ್ಲಿ ಹಲವು ದಶಕಗಳ ಕಾಲ ಇದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಬಹಳ ಕಡಿಮೆ.

ಮನೆ ಮನೆಯವರು ಕಡಿದುಕೊಳ್ಳುತ್ತಿದ್ದ ಉರುವಲಿನ ನಡುವೆ ಸರ್ಕಾರ ಬಂದದ್ದು ಏಕೆ?

1932ರಲ್ಲಿ ಏಮನ್ ಡಿ ವಲೇರಾ ಅವರ ಫಿಯಾನ ಫಾಯ್ಲ್ ಪಕ್ಷ ಅಧಿಕಾರಕ್ಕೆ ಬಂದ ವರ್ಷವೇ ಬ್ರಿಟನ್ನಿನೊಂದಿಗೆ ಸುಂಕದ ಕದನ ಆರಂಭವಾಯಿತು. ಐರ್ಲೆಂಡಿನಲ್ಲಿ ಹೇಳಿಕೊಳ್ಳುವಷ್ಟು ಕಲ್ಲಿದ್ದಲಿಲ್ಲ. ಒಲೆಗೂ ಕಾರ್ಖಾನೆಗೂ ಬೇಕಾದ ಕಲ್ಲಿದ್ದಲು ಬರುತ್ತಿದ್ದುದು ಬ್ರಿಟನ್ನಿನಿಂದಲೇ. ಹೊಸದಾಗಿ ಸ್ವತಂತ್ರವಾದ ದೇಶವೊಂದು ತನ್ನ ಒಲೆಯ ಬೆಂಕಿಗೂ ಹಳೆಯ ಆಳರಸರ ಮುಖ ನೋಡಬೇಕೆಂಬುದು ಆ ಸರ್ಕಾರವನ್ನು ಕಾಡಿದ ಸಂಗತಿಯಾಗಿತ್ತು. ಪಶ್ಚಿಮದ ಬಡ ಹಳ್ಳಿಗಳಲ್ಲಿ ಕೂಲಿ ಇರಲಿಲ್ಲ, ಜೌಗು ಮಾತ್ರ ಹೇರಳವಾಗಿತ್ತು. ಕೈಗಾರಿಕೆ ಮತ್ತು ವಾಣಿಜ್ಯ ಸಚಿವ ಶಾನ್ ಲೆಮಾಸ್ ಅವರು 1934ರಲ್ಲಿ ಟರ್ಫ್ ಅಭಿವೃದ್ಧಿ ಮಂಡಳಿಯನ್ನು ಸರ್ಕಾರಿ ಕಂಪನಿಯಾಗಿ ಸ್ಥಾಪಿಸಿ, ಅದರ ಹೊಣೆಯನ್ನು ಸಿ. ಎಸ್. ಆಂಡ್ರ್ಯೂಸ್ ಅವರಿಗೆ ವಹಿಸಿದರು. ಮರುವರ್ಷ ಆಂಡ್ರ್ಯೂಸ್ ಮತ್ತು ಸಂಗಡಿಗರು ಜರ್ಮನಿ ಹಾಗೂ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಅಲ್ಲಿ ಯಂತ್ರಗಳಿಂದ ಪೀಟ್ ತೆಗೆಯುವ ಬಗೆಯನ್ನು ನೋಡಿ ಬಂದರು. ಆಫಲಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಕ್ಲಾನ್‌ಸಾಸ್ಟ್ ಜೌಗಿನಲ್ಲಿ ದೊಡ್ಡ ಪ್ರಮಾಣದ ಯಂತ್ರದ ಕೆಲಸ ಆರಂಭವಾದದ್ದು ಆ ಪ್ರವಾಸದ ಫಲ.

1936ರ ಕಾಯ್ದೆಯಲ್ಲಿ ವಿರೋಧ ಪಕ್ಷಕ್ಕೆ ಒಪ್ಪಿಗೆಯಾಗದೆ ಇದ್ದದ್ದೇನು?

ಟರ್ಫ್ ಬಳಕೆ ಮತ್ತು ಅಭಿವೃದ್ಧಿ ಕಾಯ್ದೆ ಎಂದು ಕರೆಯಲಾದ ಆ ಕಾನೂನು ಮುಖ್ಯವಾಗಿ ಎರಡು ಕೆಲಸ ಮಾಡಿತು. ಜೌಗು ನೆಲವನ್ನು ಅಭಿವೃದ್ಧಿಗಾಗಿ ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ದಾರಿಯನ್ನು ಅದು ತೆರೆಯಿತು. ಅದರ ಜೊತೆಗೆ, ಸರ್ಕಾರ ಆದೇಶ ಹೊರಡಿಸಿ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕಲ್ಲಿದ್ದಲಿನ ವ್ಯಾಪಾರವನ್ನು ಟರ್ಫಿಗೆ ಕಟ್ಟಿಹಾಕಿತು: ಇಷ್ಟು ಕಲ್ಲಿದ್ದಲಿಗೆ ಇಷ್ಟು ಟರ್ಫ್ ಎಂಬ ಪ್ರಮಾಣದಲ್ಲಿ ಎರಡೂ ಜೊತೆಯಾಗಿಯೇ ಮಾರಾಟವಾಗಬೇಕು.

ಸಂಸತ್ತಿನ ಕೆಳಮನೆಯಾದ ಡಾಯ್ಲ್‌ನಲ್ಲಿ ಮುಖ್ಯ ವಿರೋಧ ಪಕ್ಷವಾಗಿದ್ದುದು 1933ರಲ್ಲಿ ರೂಪುಗೊಂಡ ಫಿನ ಗೇಲ್. ಅದರ ಕಡೆಯಿಂದ ಬಂದ ಆಕ್ಷೇಪಗಳನ್ನು ಇಂದು ಓದಿದರೆ, ಅವುಗಳ ಬೆನ್ನೆಲುಬು ಒಂದೇ ಮಾತು ಎಂದು ತಿಳಿಯುತ್ತದೆ. ಟರ್ಫ್ ನಿಜಕ್ಕೂ ಒಳ್ಳೆಯ ಉರುವಲಾಗಿದ್ದರೆ ಜನರು ತಾವಾಗಿ ಕೊಳ್ಳುತ್ತಾರೆ; ಕಾನೂನಿನ ಬಲದಿಂದ ಕೊಳ್ಳುವಂತೆ ಮಾಡಬೇಕಾದ ಸರಕು ತನ್ನ ಕಾಲ ಮೇಲೆ ನಿಲ್ಲಲಾರದು. ಕಲ್ಲಿದ್ದಲು ಬೇಕೆಂದು ಬಂದ ಮನೆಯೊಡತಿಯ ಮೇಲೆ ಟರ್ಫ್ ಹೊರಿಸುವುದು ಹೆಸರು ಬದಲಿಸಿದ ತೆರಿಗೆಯಲ್ಲದೆ ಬೇರೇನಲ್ಲ, ಮತ್ತು ಈ ತೆರಿಗೆ ಹೆಚ್ಚು ತಟ್ಟುವುದು ಪಟ್ಟಣದಲ್ಲಿ ಒಂದೊಂದೇ ಚೀಲ ಕೊಳ್ಳುವ ಬಡವರಿಗೆ ಎಂಬ ವಾದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಯಾವ ಊರು ಕಡ್ಡಾಯದ ವ್ಯಾಪ್ತಿಗೆ ಬರಬೇಕು, ಎಷ್ಟು ಪ್ರಮಾಣ ಎಂಬುದನ್ನೆಲ್ಲ ಸದನದ ಮುಂದೆ ತರದೆ ಆದೇಶದಿಂದಲೇ ತೀರ್ಮಾನಿಸುವ ಅಧಿಕಾರದ ಪ್ರಶ್ನೆಯೂ ಇದರೊಂದಿಗಿತ್ತು.

ಇದೇ ಹೊತ್ತಿನಲ್ಲಿ ಸರ್ಕಾರ ಬ್ರಿಟನ್ನಿನ ಜೊತೆಗೆ ಕಲ್ಲಿದ್ದಲು ಮತ್ತು ದನಗಳ ಒಪ್ಪಂದವನ್ನೂ ಮಾಡಿಕೊಂಡಿತ್ತು. ಐರ್ಲೆಂಡಿನ ದನಗಳನ್ನು ಬ್ರಿಟನ್ ಹೆಚ್ಚು ಕೊಳ್ಳಬೇಕು, ಪ್ರತಿಯಾಗಿ ಐರ್ಲೆಂಡ್ ಬ್ರಿಟನ್ನಿನ ಕಲ್ಲಿದ್ದಲನ್ನು ಕೊಳ್ಳಬೇಕು. ಒಂದು ಕೈಯಿಂದ ಕಲ್ಲಿದ್ದಲಿನ ಒಪ್ಪಂದಕ್ಕೆ ಸಹಿ ಹಾಕಿ, ಇನ್ನೊಂದು ಕೈಯಿಂದ ಟರ್ಫ್ ಕೊಳ್ಳಿರೆಂದು ಕಾನೂನು ಮಾಡುವ ಸರ್ಕಾರವನ್ನು ಪ್ರಶ್ನಿಸುವುದು ವಿರೋಧ ಪಕ್ಷದ ಕರ್ತವ್ಯವೇ ಆಗಿತ್ತೆಂದು ನನ್ನ ಅಭಿಪ್ರಾಯ.

ಹಾಗಾದರೆ ವಿರೋಧಿಸಿದವರು ಸರ್ಕಾರಿ ಉದ್ಯಮಗಳನ್ನೇ ಒಪ್ಪದವರೇ?

ಅಲ್ಲ. ಫಿನ ಗೇಲ್ ಪಕ್ಷದ ಪೂರ್ವರೂಪವಾದ ಕುಮನ್ ನ ಗೇಲ್ ಅಧಿಕಾರದಲ್ಲಿದ್ದಾಗಲೇ ಶಾನನ್ ನದಿಯ ನೀರನ್ನು ಬಳಸಿ ಆರ್ಡ್‌ನಾಕ್ರಶಾದಲ್ಲಿ ಜಲವಿದ್ಯುತ್ ಯೋಜನೆ ಆರಂಭವಾಗಿ 1929ರಲ್ಲಿ ಪೂರ್ಣಗೊಂಡಿತು. 1927ರಲ್ಲಿ ಸರ್ಕಾರಿ ವಿದ್ಯುತ್ ಮಂಡಳಿಯನ್ನು ಸ್ಥಾಪಿಸಿದ್ದೂ ಆ ಸರ್ಕಾರವೇ. ಆ ಯೋಜನೆಯನ್ನು ಮುನ್ನಡೆಸಿದ ಸಚಿವ ಪ್ಯಾಟ್ರಿಕ್ ಮ್ಯಾಕ್‌ಗಿಲಿಗನ್ 1930ರ ದಶಕದ ನಡುವೆ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿದ್ದರು. ಹೀಗಾಗಿ ಸರ್ಕಾರ ಉದ್ಯಮ ನಡೆಸಬಹುದೇ ಎಂಬುದು ಎರಡು ಕಡೆಯವರಿಗೂ ತಕರಾರಿನ ವಿಷಯವಾಗಿರಲಿಲ್ಲ. ಈ ಒದ್ದೆ ಮಣ್ಣಿಗೆ ಸಾರ್ವಜನಿಕ ಹಣ ಹಾಕುವುದು ಸರಿಯೇ, ಹಾಕಿದ ಹಣಕ್ಕೆ ಗ್ರಾಹಕನ ಕೈ ತಿರುಚುವುದು ಸರಿಯೇ ಎಂಬುದರ ಮೇಲೆ ಚರ್ಚೆ ನಿಂತಿತ್ತು.

ಎಲ್ಲರಿಗಿಂತ ಹರಿತವಾಗಿ ಮಾತನಾಡಿದವರು ಜೇಮ್ಸ್ ಡಿಲನ್. ಟರ್ಫ್, ಗೋಧಿ ಮತ್ತು ಸಕ್ಕರೆ ಗೆಡ್ಡೆ, ಈ ಮೂರರ ಇಂಗ್ಲಿಷ್ ಹೆಸರುಗಳೂ ಪೀಟ್, ವೀಟ್, ಬೀಟ್ ಎಂದು ಪ್ರಾಸಬದ್ಧವಾಗಿರುವುದರಿಂದ, ಫಿಯಾನ ಫಾಯ್ಲ್ ಸರ್ಕಾರದ ಸ್ವಾವಲಂಬನೆಯ ನೀತಿಯನ್ನು ಅವರು ಆ ಮೂರು ಪದಗಳಲ್ಲಿ ಕಟ್ಟಿ ಖಂಡಿಸುತ್ತಿದ್ದರು. ಐರ್ಲೆಂಡಿಗೆ ಒಗ್ಗುವುದು ಹುಲ್ಲು ಮತ್ತು ದನ. ಅದನ್ನು ಮಾರಿ ಬೇಕಾದ್ದನ್ನು ಕೊಂಡುಕೊಳ್ಳುವುದು ಲೇಸು ಎಂಬುದು ಅವರ ನಂಬಿಕೆ.

‘ನೀರಿಗೆ ಹಣ ಕೊಟ್ಟಂತೆ’ ಎಂಬ ದೂರಿನ ಅರ್ಥವೇನು?

ಇದನ್ನು ಕೈಯಲ್ಲಿ ಹಿಡಿದು ನೋಡಿದರೇ ಗೊತ್ತಾಗುವುದು. ಆಫಲಿಯಲ್ಲಿ ನೆರೆಮನೆಯ ಹಿರಿಯರೊಬ್ಬರು ಒಂದು ಜೂನ್ ತಿಂಗಳಲ್ಲಿ ನನ್ನನ್ನು ತಮ್ಮ ಪಾಲಿನ ಜೌಗಿಗೆ ಕರೆದೊಯ್ದಿದ್ದರು. ಆಗಷ್ಟೇ ಕಡಿದ ಒಂದು ಹೆಂಟೆಯನ್ನು ಎತ್ತಿದರೆ ಅದು ನೆನೆದ ಬಟ್ಟೆಯ ಮೂಟೆಯಂತೆ ಭಾರ, ಒತ್ತಿದರೆ ಬೆರಳ ಸಂದಿಯಿಂದ ಕಂದು ನೀರು. ಜೌಗಿನಲ್ಲಿರುವ ಪೀಟಿನ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನೆಲದ ಮೇಲೆ ಹರಡಿ, ಮೇಲ್ಮೈ ಸ್ವಲ್ಪ ಗಟ್ಟಿಯಾದ ಮೇಲೆ ಐದಾರು ಹೆಂಟೆಗಳನ್ನು ಒಂದಕ್ಕೊಂದು ಆನಿಸಿ ಗೋಪುರದಂತೆ ನಿಲ್ಲಿಸಬೇಕು. ಇದಕ್ಕೆ ಅಲ್ಲಿನವರು ಫುಟಿಂಗ್ ಎನ್ನುತ್ತಾರೆ. ಬಗ್ಗಿ ಬಗ್ಗಿ ಎರಡು ಗಂಟೆ ಆ ಕೆಲಸ ಮಾಡಿದ ಮೇಲೆ ನನಗೆ ನಾಟಿ ಗದ್ದೆಯ ಸಾಲು ನೆನಪಾಯಿತು. ಗಾಳಿ, ಬಿಸಿಲು ಎರಡೂ ಒದಗಿದರೆ ಕೆಲವು ವಾರಗಳಲ್ಲಿ ತೇವ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಹೆಂಟೆಯನ್ನು ತಟ್ಟಿದರೆ ಮರದ ತುಂಡಿನ ಸದ್ದು ಬರುತ್ತದೆ. ಮಳೆ ಹಿಡಿದರೆ ಆ ವರ್ಷದ ಟರ್ಫ್ ಒಣಗುವುದೇ ಇಲ್ಲ.

ಚೆನ್ನಾಗಿ ಒಣಗಿದ ಟರ್ಫ್ ಕೂಡ ತೂಕಕ್ಕೆ ತೂಕ ಹಿಡಿದರೆ ಕಲ್ಲಿದ್ದಲಿನ ಸುಮಾರು ಅರ್ಧದಷ್ಟೇ ಶಾಖ ಕೊಡುತ್ತದೆ. ಪಟ್ಟಣದ ಗ್ರಾಹಕ ತೂಕದ ಲೆಕ್ಕದಲ್ಲಿ ಟರ್ಫ್ ಕೊಂಡಾಗ, ಚೀಲದೊಳಗಿನ ನೀರಿಗೂ ಅದನ್ನು ಸಾಗಿಸಿದ ಬಾಡಿಗೆಗೂ ಹಣ ಕೊಡುತ್ತಿದ್ದ. ಕಡ್ಡಾಯದ ಬಗ್ಗೆ ವಿರೋಧ ಪಕ್ಷಗಳು ತಂದ ದೂರುಗಳಲ್ಲಿ ಜನರ ಅನುಭವಕ್ಕೆ ಅತ್ಯಂತ ಹತ್ತಿರವಾಗಿದ್ದುದು ಇದೇ.

ಎರಡನೆಯ ಮಹಾಯುದ್ಧ ಈ ವಾದವನ್ನು ಹೇಗೆ ಬದಲಾಯಿಸಿತು?

ಪೂರ್ತಿಯಾಗಿ ಬದಲಾಯಿಸಿತು. ಐರ್ಲೆಂಡ್ ತಟಸ್ಥವಾಗಿತ್ತು. 1941ರ ಹೊತ್ತಿಗೆ ಬ್ರಿಟನ್ನಿನಿಂದ ಬರುವ ಕಲ್ಲಿದ್ದಲು ತೀರ ಇಳಿದಾಗ ದೇಶದ ಮುಂದೆ ಉಳಿದದ್ದು ಜೌಗು ಮಾತ್ರ. ಹ್ಯೂಗೋ ಫ್ಲಿನ್ ಅವರನ್ನು ಟರ್ಫ್ ನಿಯಂತ್ರಕರನ್ನಾಗಿ ನೇಮಿಸಲಾಯಿತು. ಕೌಂಟಿ ಮಂಡಳಿಗಳು ತಮ್ಮ ಎಂಜಿನಿಯರುಗಳನ್ನೂ ರಸ್ತೆ ಕೂಲಿಗಳನ್ನೂ ಜೌಗಿಗೆ ಇಳಿಸಿದವು. ಕಿಲ್ಡೇರ್ ಕೌಂಟಿಯಲ್ಲಿ ಶಿಬಿರಗಳನ್ನು ಕಟ್ಟಿ, ದೇಶದ ನಾನಾ ಕಡೆಯಿಂದ ಬಂದ ಸಾವಿರಾರು ಕೂಲಿಗಳನ್ನು ಅಲ್ಲಿ ಇರಿಸಿದರು. ಡಬ್ಲಿನ್ ನಗರದ ಫೀನಿಕ್ಸ್ ಉದ್ಯಾನದ ಮುಖ್ಯ ರಸ್ತೆಯ ಇಕ್ಕೆಲಗಳಲ್ಲಿ ಟರ್ಫಿನ ರಾಶಿಗಳು ಮನೆಯೆತ್ತರಕ್ಕೆ ಸಾಲಾಗಿ ಎದ್ದವು; ಜನ ಅದನ್ನು ‘ಹೊಸ ಜೌಗು ರಸ್ತೆ’ ಎಂದು ಕರೆದರು.

ಟರ್ಫೇ ಬೇಡವೆನ್ನುವ ವಾದಕ್ಕೆ ಆಗ ಸದನದಲ್ಲಿ ಜಾಗ ಇರಲಿಲ್ಲ. ದೂರು ಬೆಲೆ, ತೇವ, ಹಂಚಿಕೆ, ಕೂಲಿ ಮತ್ತು ಶಿಬಿರಗಳ ಸ್ಥಿತಿಯ ಕಡೆಗೆ ತಿರುಗಿತು. ಒದ್ದೆ ಟರ್ಫಿನಿಂದ ಹೊಗೆ ತುಂಬಿದ ಡಬ್ಲಿನ್ನಿನ ಬಾಡಿಗೆ ಕೋಣೆಗಳಲ್ಲಿ ಚಳಿಗಾಲ ಕಳೆದವರ ಪರವಾಗಿ ಕೇಳಿದ ಪ್ರಶ್ನೆಗಳು ಅವು.

ಬೋರ್ಡ್ ನ ಮೋನಾ ಯಾವಾಗ ಬಂತು? ಅದಕ್ಕೂ ಇಂಥದೇ ವಿರೋಧ ಇತ್ತೇ?

1946ರ ಟರ್ಫ್ ಅಭಿವೃದ್ಧಿ ಕಾಯ್ದೆಯ ಮೂಲಕ ಹಳೆಯ ಮಂಡಳಿಯ ಜಾಗದಲ್ಲಿ ಬೋರ್ಡ್ ನ ಮೋನಾ ಎಂಬ ಶಾಸನಬದ್ಧ ಸಂಸ್ಥೆ ಬಂತು. ಐರಿಷ್ ಭಾಷೆಯಲ್ಲಿ ಆ ಹೆಸರಿಗೆ ಟರ್ಫ್ ಮಂಡಳಿ ಎಂದೇ ಅರ್ಥ. 24 ಜೌಗುಗಳಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಟರ್ಫ್ ತೆಗೆಯುವುದು ಮೊದಲ ಯೋಜನೆಯ ಗುರಿ. ಯುದ್ಧಕಾಲದ ಚಳಿ ಎಲ್ಲರ ಮೈಯಲ್ಲೂ ಇತ್ತು. 1947ರ ಆರಂಭದ ಭೀಕರ ಚಳಿಗಾಲ ಅದನ್ನು ಇನ್ನೂ ಗಟ್ಟಿಯಾಗಿ ನೆನಪಿಸಿತು.

1948ರಲ್ಲಿ ಸರ್ಕಾರ ಬದಲಾಗಿ, ಫಿನ ಗೇಲ್ ಮುಖ್ಯ ಪಾಲುದಾರನಾಗಿದ್ದ ಮೊದಲ ಸಂಯುಕ್ತ ಸರ್ಕಾರ ಬಂದಿತು. ಕಲ್ಲಿದ್ದಲಿನ ಆಮದು ಸುಧಾರಿಸಿದ್ದರಿಂದ, ಕೌಂಟಿ ಮಂಡಳಿಗಳು ಯುದ್ಧಕಾಲದಲ್ಲಿ ನಡೆಸುತ್ತಿದ್ದ ಕೈಯಿಂದ ಟರ್ಫ್ ಕಡಿಯುವ ಯೋಜನೆಯನ್ನು ಆ ಸರ್ಕಾರ ನಿಲ್ಲಿಸಿತು. ವಿರೋಧ ಪಕ್ಷದ ಸಾಲಿಗೆ ಬಂದಿದ್ದ ಫಿಯಾನ ಫಾಯ್ಲ್ ಸದಸ್ಯರು ಪಶ್ಚಿಮದ ಕೂಲಿಗಳ ಅನ್ನ ಹೋಯಿತೆಂದು ದನಿಯೆತ್ತಿದರು. ಹನ್ನೆರಡು ವರ್ಷಗಳ ಹಿಂದೆ ಟರ್ಫಿಗೆ ಸರ್ಕಾರದ ಹಣವೇಕೆಂದು ಒಂದು ಪಕ್ಷ ಕೇಳಿತ್ತು. ಆ ಹಣ ನಿಂತದ್ದೇಕೆಂದು ಈಗ ಇನ್ನೊಂದು ಪಕ್ಷ ಕೇಳಿತು.

ಆದರೆ ಅದೇ ಸಂಯುಕ್ತ ಸರ್ಕಾರ 1950ರಲ್ಲಿ ಬೋರ್ಡ್ ನ ಮೋನಾದ ಎರಡನೆಯ ಯೋಜನೆಗೆ ಒಪ್ಪಿಗೆ ಕೊಟ್ಟು, ಜೌಗಿನ ಮೇಲ್ಪದರವನ್ನು ಪುಡಿ ಮಾಡಿ ತೆಗೆಯುವ ಹೊಸ ವಿಧಾನಕ್ಕೆ ಹಣ ಒದಗಿಸಿತು. ಪೋರ್ಟಾರ್ಲಿಂಗ್ಟನ್‌ನಲ್ಲಿ ಟರ್ಫಿನಿಂದ ನಡೆಯುವ ಮೊದಲ ವಿದ್ಯುತ್ ಕೇಂದ್ರ ಅದೇ ವರ್ಷ ಆರಂಭವಾಯಿತು. ವಿರೋಧದಲ್ಲಿದ್ದಾಗ ಸಂದೇಹಪಟ್ಟವರು ಅಧಿಕಾರಕ್ಕೆ ಬಂದ ಮೇಲೆ ಅದೇ ಉದ್ಯಮವನ್ನು ಬೆಳೆಸಿದರು ಎಂಬುದನ್ನು ನಾನು ಮಾತು ತಪ್ಪಿದ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಡ್ಡಾಯದಿಂದ ಮನೆಯೊಲೆಗೆ ಟರ್ಫ್ ಹೊರಿಸುವುದು ಬೇರೆ. ಒಂದೇ ಕಡೆ ಉರಿಸಿ ವಿದ್ಯುತ್ ತೆಗೆಯುವುದು ಬೇರೆ. 1950ರ ದಶಕದಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ಕಡೆ ಕೈಯಿಂದ ಕಡಿದ ಟರ್ಫಿಗಾಗಿಯೇ ಸಣ್ಣ ವಿದ್ಯುತ್ ಕೇಂದ್ರಗಳನ್ನು ಕಟ್ಟಿದರು. ಅವು ಲಾಭಕ್ಕಾಗಿ ಕಟ್ಟಿದವಲ್ಲ, ಹಳ್ಳಿ ಬರಿದಾಗದಿರಲೆಂದು ಕಟ್ಟಿದವು.

ಇಷ್ಟು ಹಣ ಪಡೆದ ಸಂಸ್ಥೆ ಸಂಸತ್ತಿಗೆ ಲೆಕ್ಕ ಒಪ್ಪಿಸುತ್ತಿತ್ತೇ?

ವಾರ್ಷಿಕ ವರದಿ ಮತ್ತು ಲೆಕ್ಕಪತ್ರ ಸದನದ ಮುಂದೆ ಬರುತ್ತಿದ್ದವು. ಸಂಸ್ಥೆಯ ಸಾಲದ ಮಿತಿ ಹೆಚ್ಚಿಸಬೇಕಾದಾಗಲೆಲ್ಲ ಹೊಸ ಮಸೂದೆ ತರಬೇಕಾಗುತ್ತಿತ್ತು. ವಿರೋಧ ಪಕ್ಷಕ್ಕೆ ವಿವರವಾಗಿ ಪ್ರಶ್ನಿಸಲು ಸಿಗುತ್ತಿದ್ದ ಅವಕಾಶ ಅದು. ಆದರೆ ಒಂದು ಊರಿನ ಜೌಗಿನಲ್ಲಿ ಇಷ್ಟು ಜನರನ್ನು ಕೆಲಸದಿಂದ ಬಿಟ್ಟದ್ದೇಕೆ, ಇಂಥ ರೈತನ ನೆಲಕ್ಕೆ ಇಷ್ಟೇ ಪರಿಹಾರವೇಕೆ ಎಂದು ಸದಸ್ಯರೊಬ್ಬರು ಕೇಳಿದರೆ, ಅದು ಸಂಸ್ಥೆಯ ದೈನಂದಿನ ಆಡಳಿತದ ವಿಷಯ, ತಮಗೆ ಅದರಲ್ಲಿ ಪಾತ್ರವಿಲ್ಲ ಎಂದು ಸಚಿವರು ಉತ್ತರಿಸುವುದು ವಾಡಿಕೆ. ಹಣ ಸಾರ್ವಜನಿಕರದು, ಉತ್ತರ ಮಾತ್ರ ಯಾರದ್ದೂ ಅಲ್ಲ ಎಂಬ ಈ ಸ್ಥಿತಿಯ ಬಗ್ಗೆ ಎಲ್ಲ ಪಕ್ಷದ ಸದಸ್ಯರಿಗೂ, ತಾವು ವಿರೋಧದಲ್ಲಿದ್ದಾಗ, ಬೇಸರವಿತ್ತು. ನಮ್ಮಲ್ಲಿನ ನಿಗಮ, ಮಂಡಳಿಗಳ ಲೆಕ್ಕ ಕೇಳಿದವರಿಗೆ ಈ ಬೇಸರ ಹೊಸದಲ್ಲ.

ಖಾಸಗಿಯವರಿಗೂ ಸರ್ಕಾರ ಹಣ ಕೊಟ್ಟಿತೇ?

ಕೊಟ್ಟಿತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಟರ್ಫಿನ ಬೇಡಿಕೆ ಏರಿತು. 1981ರ ಟರ್ಫ್ ಅಭಿವೃದ್ಧಿ ಕಾಯ್ದೆ ಖಾಸಗಿ ಜೌಗುಗಳ ಅಭಿವೃದ್ಧಿಗೆ ಅನುದಾನದ ದಾರಿ ತೆರೆಯಿತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ಯಂತ್ರಗಳು ಬಂದವು. ನೆಲದೊಳಗಿಂದ ಪೀಟನ್ನು ಎಳೆದು, ಉದ್ದನೆಯ ಕೊಳವೆಯಂತೆ ಮೇಲೆ ಹಿಂಡಿ ಹಾಕುವ ಆ ಯಂತ್ರಕ್ಕೆ ಊರವರು ಸಾಸೇಜ್ ಯಂತ್ರವೆಂದು ಹೆಸರಿಟ್ಟರು. ಗುದ್ದಲಿಯಿಂದ ಒಂದು ಕುಟುಂಬ ಬೇಸಗೆಯೆಲ್ಲ ಕಡಿಯುತ್ತಿದ್ದುದನ್ನು ಯಂತ್ರ ಒಂದು ಬೆಳಗಿನಲ್ಲಿ ಮುಗಿಸಿತು.

ಕೆಲವೇ ವರ್ಷಗಳ ನಂತರ ಅದೇ ನೆಲದ ಮೇಲೆ ನಿಷೇಧ ಬಂದಾಗ ಹಳ್ಳಿಯವರಲ್ಲಿ ಎದ್ದ ಸಿಟ್ಟಿಗೆ ಇದು ಒಂದು ಕಾರಣ. ನಿನ್ನೆ ಕಡಿಯಿರೆಂದು ಹಣ ಕೊಟ್ಟವರು ಇಂದು ಕಡಿದರೆ ಅಪರಾಧ ಎನ್ನುವುದು ಯಾರಿಗೇ ಆದರೂ ನುಂಗಲಾರದ ತುತ್ತು.

ನಿಷೇಧ ಬಂದದ್ದು ಎಲ್ಲಿಂದ?

1992ರಲ್ಲಿ ಯುರೋಪಿನ ಆವಾಸ ಸಂರಕ್ಷಣಾ ನಿರ್ದೇಶನ, ಎಂದರೆ ಗಿಡ ಮತ್ತು ಪ್ರಾಣಿಗಳ ನೆಲೆಗಳನ್ನು ಕಾಪಾಡುವ ಕಾನೂನು, ಬಂತು. ಪಶ್ಚಿಮ ಯುರೋಪಿನಲ್ಲಿ ಇನ್ನೂ ಜೀವಂತವಾಗಿರುವ, ಗುಮ್ಮಟದಂತೆ ಮೇಲೆದ್ದ ಉಬ್ಬು ಜೌಗುಗಳಲ್ಲಿ ದೊಡ್ಡ ಪಾಲು ಐರ್ಲೆಂಡಿನಲ್ಲಿದೆ. ಅವುಗಳಲ್ಲಿ 53ನ್ನು ವಿಶೇಷ ಸಂರಕ್ಷಣಾ ಪ್ರದೇಶಗಳೆಂದು ಗುರುತಿಸಿದರು. ಮನೆ ಬಳಕೆಗೆ ಕಡಿಯುವವರಿಗೆ 1999ರಲ್ಲಿ ಹತ್ತು ವರ್ಷಗಳ ವಿನಾಯಿತಿ ಸಿಕ್ಕಿತು. ಹತ್ತು ವರ್ಷ ಕಳೆದದ್ದೇ ತಿಳಿಯಲಿಲ್ಲ ಎಂಬಂತೆ ಸರ್ಕಾರಗಳು ಸುಮ್ಮನಿದ್ದು, 2010ರಲ್ಲಿ ಹಸಿರು ಪಕ್ಷದ ಸಚಿವ ಜಾನ್ ಗೋರ್ಮ್ಲಿ ಅವರ ಕಾಲದಲ್ಲಿ ವಿನಾಯಿತಿ ಮುಗಿಯಿತೆಂದು ಸಾರಲಾಯಿತು.

ಇದನ್ನು ಅರಿಯಲು ಟರ್ಬರಿ ಹಕ್ಕು ಎಂಬುದನ್ನು ತಿಳಿಯಬೇಕು. ಜೌಗಿನ ಒಡೆತನ ಬೇರೆಯವರದ್ದೇ ಆಗಿದ್ದರೂ ಅದರ ಒಂದು ಪಟ್ಟಿಯಲ್ಲಿ ತನ್ನ ಮನೆಗೆ ಬೇಕಾದ ಟರ್ಫ್ ಕಡಿದುಕೊಳ್ಳುವ ಹಕ್ಕು ಅದು; ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಮೇಲಿರುವ ಹಕ್ಕನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಂಥ ಹಕ್ಕನ್ನು ಯುರೋಪಿಯನ್ ಒಕ್ಕೂಟದ ಕೇಂದ್ರವಾದ ದೂರದ ಬ್ರಸೆಲ್ಸಿನ ಪತ್ರ ತೋರಿಸಿ ಕಸಿದುಕೊಂಡರೆಂಬ ಭಾವನೆ ರಾಸ್‌ಕಾಮನ್, ಗಾಲ್ವೇ ಕಡೆಗಳಲ್ಲಿ ಆಳವಾಗಿ ಬೇರೂರಿತು. ಟರ್ಫ್ ಕಡಿಯುವವರ ಪರ ಹೋರಾಟದಿಂದ ಹೆಸರಾದ ಲೂಕ್ ‘ಮಿಂಗ್’ ಫ್ಲಾನಗನ್ 2011ರಲ್ಲಿ ಪಕ್ಷೇತರರಾಗಿ ಡಾಯ್ಲ್ ಪ್ರವೇಶಿಸಿದರು. ಅವರು 2014ರಲ್ಲಿ ಯುರೋಪಿಯನ್ ಸಂಸತ್ತಿಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಗೆದ್ದವರು ಅದೇ ಹೋರಾಟದ ಮೈಕಲ್ ಫಿಟ್ಸ್‌ಮಾರಿಸ್.

ಸರ್ಕಾರ ಪರಿಹಾರ ಯೋಜನೆ ತಂದಿತು: ವರ್ಷಕ್ಕೆ 1,500 ಯೂರೋ, 15 ವರ್ಷ, ಇಲ್ಲವೇ ಬೇರೊಂದು ಜೌಗಿನಲ್ಲಿ ಬದಲಿ ಪಟ್ಟಿ. ಹಲವರು ಒಪ್ಪಿಕೊಂಡರು. ಒಪ್ಪದವರು ಕಡಿಯುತ್ತಲೇ ಇದ್ದರು. ಸಂರಕ್ಷಿತ ಜೌಗುಗಳಲ್ಲಿ ಕಡಿತ ನಿಲ್ಲಿಸಲು ಐರ್ಲೆಂಡ್ ಸಾಕಷ್ಟು ಮಾಡಿಲ್ಲವೆಂದು ಯುರೋಪಿಯನ್ ಆಯೋಗ 2024ರ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯಕ್ಕೆ ದೂರು ಒಯ್ದಿತು.

2022ರ ಗಲಾಟೆ ಯಾವುದರ ಬಗ್ಗೆ?

ಅದು ಜೌಗಿನ ಬಗ್ಗೆ ಅಲ್ಲ, ಹೊಗೆಯ ಬಗ್ಗೆ. ಪರಿಸರ ಸಚಿವರೂ ಹಸಿರು ಪಕ್ಷದ ನಾಯಕರೂ ಆಗಿದ್ದ ಏಮನ್ ರಯಾನ್ ಅವರು ದೇಶದಾದ್ಯಂತ ಹೊಗೆ ಕಾರುವ ಕಲ್ಲಿದ್ದಲು, ಹಸಿ ಸೌದೆ ಮತ್ತು ಟರ್ಫಿನ ಮಾರಾಟದ ಮೇಲೆ ನಿಯಮ ತರಲು ಹೊರಟರು. ಉಕ್ರೇನ್ ಯುದ್ಧದಿಂದ ಎಣ್ಣೆ, ಅನಿಲದ ಬೆಲೆ ಏರಿದ್ದ ಹೊತ್ತು ಅದು. ಆಫಲಿ ಕೌಂಟಿಯಲ್ಲಿ 2016ರ ಜನಗಣತಿಯ ಪ್ರಕಾರ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಪೀಟಿನಿಂದಲೇ ಬೆಚ್ಚಗಾಗುತ್ತಿದ್ದವು.

ಏಪ್ರಿಲ್ ಕೊನೆಯಲ್ಲಿ ಮುಖ್ಯ ವಿರೋಧ ಪಕ್ಷವಾದ ಶಿನ್ ಫೇನ್ ಡಾಯ್ಲ್‌ನಲ್ಲಿ ಇದರ ವಿರುದ್ಧ ಗೊತ್ತುವಳಿ ಮಂಡಿಸಿತು. ಗ್ರಾಮೀಣ ಪಕ್ಷೇತರ ಸದಸ್ಯರು ಅದಕ್ಕಿಂತ ಬಿರುಸಾಗಿ ಮಾತನಾಡಿದರು. ಸರ್ಕಾರಕ್ಕೆ ನಿಜವಾಗಿ ಇಕ್ಕಟ್ಟಾದದ್ದು ತನ್ನದೇ ಸಾಲುಗಳಿಂದ: ಫಿಯಾನ ಫಾಯ್ಲ್ ಮತ್ತು ಫಿನ ಗೇಲ್ ಪಕ್ಷಗಳ ಹಳ್ಳಿ ಭಾಗದ ಸದಸ್ಯರು ತಮ್ಮ ಕ್ಷೇತ್ರಗಳಿಗೆ ಮುಖ ತೋರಿಸುವುದು ಹೇಗೆಂದು ಪಕ್ಷದ ಸಭೆಗಳಲ್ಲಿ ಕೇಳಿದರು. ಗೊತ್ತುವಳಿ ಸೋತಿತು, ಆದರೆ ನಿಯಮ ಮೊದಲ ರೂಪದಲ್ಲಿ ಉಳಿಯಲಿಲ್ಲ. 2022ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ನಿಯಮದಲ್ಲಿ ಅಂಗಡಿ, ಅಂತರಜಾಲ, ಮಾಧ್ಯಮಗಳ ಜಾಹೀರಾತು, ಸಾರ್ವಜನಿಕ ಸ್ಥಳ ಇವುಗಳ ಮೂಲಕ ಟರ್ಫ್ ಮಾರುವುದನ್ನು ಮಾತ್ರ ನಿಷೇಧಿಸಲಾಯಿತು. ಹಕ್ಕುದಾರರು ಕಡಿಯಬಹುದು, ಉರಿಸಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು.

ವಿರೋಧಿಸಿದವರು ಆರೋಗ್ಯದ ಪ್ರಶ್ನೆಯನ್ನು ಕಡೆಗಣಿಸಿದರೇ?

ಕೆಲವರು ಕಡೆಗಣಿಸಿದರು, ಅದು ತಪ್ಪು. 1990ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್ನಿನಲ್ಲಿ ಹೊಗೆ ಕಾರುವ ಕಲ್ಲಿದ್ದಲಿನ ಮಾರಾಟ ನಿಷೇಧಿಸಿದ ನಂತರ ವರ್ಷಕ್ಕೆ ಸುಮಾರು 350 ಸಾವುಗಳು ತಪ್ಪಿದವೆಂದು 2002ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಸೂಕ್ಷ್ಮ ಕಣಗಳ ಮಾಲಿನ್ಯದಿಂದ ಈಗಲೂ ವರ್ಷಕ್ಕೆ ಸುಮಾರು 1,300 ಅಕಾಲಿಕ ಸಾವುಗಳಾಗುತ್ತವೆ ಎಂದು ಸರ್ಕಾರ 2022ರ ಚರ್ಚೆಯ ಕಾಲದಲ್ಲಿ ಮುಂದಿಟ್ಟಿತು. ಘನ ಇಂಧನ ಅದಕ್ಕೆ ಮುಖ್ಯ ಮೂಲ. ಗಾಳಿಯಿಲ್ಲದ ಜನವರಿಯ ಸಂಜೆ ಮಧ್ಯ ಐರ್ಲೆಂಡಿನ ಸಣ್ಣ ಪಟ್ಟಣದ ಬೀದಿಯಲ್ಲಿ ನಡೆದವರಿಗೆ ಆ ಅಂಕಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಟರ್ಫಿನ ಕಮಟು ಮೊದಲು ಹಿತವೆನಿಸುತ್ತದೆ, ಹತ್ತು ನಿಮಿಷದಲ್ಲಿ ಗಂಟಲು ಕೆರೆಯುತ್ತದೆ. ಒಲೆಯ ಮುಂದೆ ಕುಳಿತ ವಯಸ್ಸಾದವರೇ ಆ ಹೊಗೆಯ ಮೊದಲ ಬಲಿ.

ಆದರೆ ಬೇರೆ ದಾರಿ ಕೊಡದೆ ನಿಷೇಧಿಸಬೇಡಿ ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಹಳೆಯ ಕಲ್ಲಿನ ಮನೆಗೆ ಶಾಖ ಸೋರದಂತೆ ಹೊದಿಕೆ ಹಾಕಿಸಿ, ವಿದ್ಯುತ್ತಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಕೂರಿಸಲು ಹತ್ತಾರು ಸಾವಿರ ಯೂರೋ ಬೇಕು. ಪಿಂಚಣಿಯಲ್ಲಿ ಬದುಕುವ ಒಂಟಿ ಹಿರಿಯರಿಗೆ ಸರ್ಕಾರದ ಸಹಾಯಧನದ ಸರದಿ ಬರುವುದರೊಳಗೆ ಎರಡು ಚಳಿಗಾಲ ಕಳೆಯಬಹುದು. 1936ರಲ್ಲಿ ಟರ್ಫ್ ಕೊಳ್ಳಲೇಬೇಕೆಂದಾಗಲೂ, 2022ರಲ್ಲಿ ಕೊಳ್ಳಬಾರದೆಂದಾಗಲೂ ಹೊರೆ ಬಿದ್ದದ್ದು ಅದೇ ಒಲೆಯ ಮುಂದಿನವರ ಮೇಲೆ.

ವಿದ್ಯುತ್ ಕೇಂದ್ರಗಳಿಗೆ ಕೊಡುತ್ತಿದ್ದ ಹಣ ಏನಾಯಿತು?

ಪೀಟ್ ಉರಿಸುವ ಕೇಂದ್ರಗಳಿಗೆ ಬೆಂಬಲವಾಗಿ ಪ್ರತಿಯೊಬ್ಬ ಗ್ರಾಹಕನ ವಿದ್ಯುತ್ ಬಿಲ್ಲಿನಲ್ಲಿ ಸಾರ್ವಜನಿಕ ಸೇವಾ ಶುಲ್ಕ ಸೇರುತ್ತಿತ್ತು. ಅತಿ ಹೆಚ್ಚು ಇಂಗಾಲ ಉಗುಳುವ ಇಂಧನಕ್ಕೆ ಎಲ್ಲರ ಜೇಬಿನಿಂದ ಹಣವೇಕೆಂದು ಈ ಬಾರಿ ಪ್ರಶ್ನಿಸಿದವರು ಪರಿಸರವಾದಿಗಳು. 2019ರ ಕೊನೆಗೆ ಆ ಬೆಂಬಲ ನಿಂತಿತು. ಶಾನನ್‌ಬ್ರಿಡ್ಜ್ ಮತ್ತು ಲೇನ್ಸ್‌ಬರೋ ಕೇಂದ್ರಗಳು 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಬೋರ್ಡ್ ನ ಮೋನಾ ಪೀಟ್ ತೆಗೆಯುವುದನ್ನು ಪೂರ್ತಿಯಾಗಿ ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಪ್ರಕಟಿಸಿತು. ಎಡೆಂಡರಿ ಕೇಂದ್ರ 2023ರ ಅಂತ್ಯಕ್ಕೆ ಪೀಟ್ ಉರಿಸುವುದನ್ನು ನಿಲ್ಲಿಸಿತು. ಈಗ ಅದೇ ಸಂಸ್ಥೆ ಸರ್ಕಾರದ ಹಣದಲ್ಲಿ, ತಾನೇ ತೋಡಿದ ಕಾಲುವೆಗಳನ್ನು ಮುಚ್ಚಿ ಜೌಗಿಗೆ ಮತ್ತೆ ನೀರು ನಿಲ್ಲಿಸುತ್ತಿದೆ. ಸುಮಾರು 33,000 ಹೆಕ್ಟೇರಿನ ಕೆಲಸ ಅದು. ಕೆಲಸ ಕಳೆದುಕೊಂಡ ಕುಟುಂಬಗಳ ಪರವಾಗಿ ಮಧ್ಯ ಐರ್ಲೆಂಡಿನ ಸದಸ್ಯರು ಎತ್ತಿದ ದನಿಯಿಂದ ಪರ್ಯಾಯ ಉದ್ಯೋಗದ ನಿಧಿ ಚರ್ಚೆಯಲ್ಲಿ ಉಳಿಯಿತು.

ಈ ಎಲ್ಲ ವಿರೋಧದಲ್ಲಿ ಕಾಣದೆ ಹೋದದ್ದೇನು?

ಜೌಗು. ಹಣ, ಕಡ್ಡಾಯ, ತೇವ, ಕೂಲಿ, ಹಕ್ಕು ಇವೆಲ್ಲವನ್ನೂ ಡಾಯ್ಲ್‌ನಲ್ಲಿ ಯಾರಾದರೊಬ್ಬರು ಎತ್ತಿದರು. ಟರ್ಫ್ ನಷ್ಟದ ವ್ಯಾಪಾರ ಎಂದವರೂ ಲಾಭದ ವ್ಯಾಪಾರ ಎಂದವರೂ ಜೌಗನ್ನು ಉಪಯೋಗಕ್ಕೆ ತರಬೇಕಾದ ಪಾಳು ನೆಲ ಎಂದೇ ಎಣಿಸಿದ್ದರು. ವರ್ಷಕ್ಕೆ 1 ಮಿಲಿಮೀಟರ್ ಬೆಳೆಯುವುದನ್ನು ಒಂದು ಬೇಸಗೆಯಲ್ಲಿ ಅಡಿಗಟ್ಟಲೆ ತೆಗೆದರೆ ಅದು ಉದ್ಯಮವೋ ಅಸಲನ್ನೇ ಕರಗಿಸುವುದೋ ಎಂಬ ಪ್ರಶ್ನೆ ಸದನಕ್ಕೆ ಗಟ್ಟಿಯಾಗಿ ಬರಲು ಐವತ್ತು ವರ್ಷಗಳೇ ಬೇಕಾದವು. ಐರ್ಲೆಂಡಿನ ಮಣ್ಣಿನಲ್ಲಿರುವ ಇಂಗಾಲದ ಬಹುಪಾಲು ಇರುವುದು ಜೌಗುಗಳಲ್ಲಿ. ಆದರೆ ಅವುಗಳಿಗೆ ಮತದಾನದ ಹಕ್ಕಿಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ಒಂದು ನಂಟು ತೋಟಗಾರಿಕೆಯಿಂದ ಬಂದಿದೆ. 30 ಹೆಕ್ಟೇರಿಗಿಂತ ದೊಡ್ಡ ಜೌಗುಗಳಲ್ಲಿ ಪೀಟ್ ತೆಗೆಯುವವರಿಗೆ ಯೋಜನಾ ಅನುಮತಿಯಿಂದ ವಿನಾಯಿತಿ ಕೊಡುವ ನಿಯಮಗಳನ್ನು ಅಲ್ಲಿನ ಹೈಕೋರ್ಟ್ 2019ರಲ್ಲಿ ರದ್ದು ಮಾಡಿತು. ಅಣಬೆ ಮತ್ತು ಸಸಿ ಬೆಳೆಯುವವರಿಗೆ ಪೀಟ್ ಸಿಗದೆ, 2021ರ ಸೆಪ್ಟೆಂಬರ್‌ನಲ್ಲಿ ಲಾಟ್ವಿಯಾದಿಂದ ಹಡಗಿನಲ್ಲಿ ಪೀಟ್ ತರಿಸಿದಾಗ ವಿರೋಧ ಪಕ್ಷದವರು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಆ ಟೀಕೆ ನ್ಯಾಯವಾಗಿತ್ತು. ಪೀಟಿಗೆ ಬದಲಾಗಿ ಬಳಸುವ ವಸ್ತುಗಳಲ್ಲಿ ತೆಂಗಿನ ನಾರಿನ ಪುಡಿಯೂ ಒಂದು. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆಯಲ್ಲಿ ನಾರು ತೆಗೆದ ಮೇಲೆ ಉಳಿಯುವ ಆ ಪುಡಿಯನ್ನು ನಮ್ಮ ತಾರಸಿ ತೋಟದವರು ಕೊಕೊಪೀಟ್ ಎಂದು ಕೊಳ್ಳುತ್ತಾರೆ. ಆ ಹೆಸರಿನ ಕೊನೆಯಲ್ಲಿರುವ ಪೀಟ್ ಇದೇ.

ಐರ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಟರ್ಫ್ ಉರಿಸಬಹುದೇ?

ಉರಿಸುವುದಕ್ಕೆ 2022ರ ನಿಯಮದ ನಿಷೇಧವಿಲ್ಲ. ಕಡಿಯುವ ಹಕ್ಕುಳ್ಳ ನೆರೆಯವರಿಂದ ಪಡೆಯಬಹುದು. ಅಂಗಡಿಯಿಂದಾಗಲಿ ಅಂತರಜಾಲದ ಜಾಹೀರಾತಿನಿಂದಾಗಲಿ ಬಂದದ್ದಾದರೆ ಮಾರಿದವರು ಕಾನೂನು ಮೀರಿದ್ದಾರೆ. ಬಾಡಿಗೆ ಕರಾರಿನಲ್ಲಿ ತೆರೆದ ಒಲೆ ಬಳಸಬಾರದೆಂದು ಬರೆದಿದೆಯೇ ಎಂದು ಮೊದಲು ನೋಡಿ, ಚಿಮಣಿ ಗುಡಿಸಿ ಎಷ್ಟು ಕಾಲವಾಯಿತೆಂದು ಮನೆಯೊಡೆಯರನ್ನು ಕೇಳಿ. ಹೆಂಟೆಯನ್ನು ಮುರಿದರೆ ಒಳಗೆ ತಣ್ಣಗೆ, ಮೆತ್ತಗೆ ಇದ್ದರೆ ಅದು ಇನ್ನೂ ಒಣಗಿಲ್ಲ. ಆ ವಾರ ಅದನ್ನು ಒಲೆಗೆ ಹಾಕಬೇಡಿ. ಮನೆಯಲ್ಲಿ ಉಬ್ಬಸದವರು ಅಥವಾ ಎಳೆಯ ಮಕ್ಕಳಿದ್ದರೆ ಹಾಕಲೇಬೇಡಿ.